ಸಾಣೆಯ ತಂಗಿ

ಗ್ಲಾಸ್ಗೋದ ಆರ್ಗೈಲ್ ಆರ್ಕೇಡಿನ ಗಾಜಿನ ಸೂರಿನಡಿ
ಮೂವತ್ತೊಂದು ವರುಷದಿಂದ ಉಂಗುರ ಮಾರುತ್ತೇನೆ.
ಬಾಗಿಲು ತಳ್ಳುವ ಬಗೆಯಲ್ಲೇ ಗೊತ್ತಾಗುತ್ತದೆ
ಜೇಬಿನ ಆಳ.
ಅವನು ತಳ್ಳಲಿಲ್ಲ, ತಟ್ಟಿದ.
ಅಂಗಡಿಗೆ ಬಾಗಿಲು ತಟ್ಟಿ ಬರುವವರುಂಟೆ?

ಯೂಅನ್ ಮೆಕ್‌ಫೇಲ್. ಗೋವನ್ನಿನ ಹಡಗುಕಟ್ಟೆಯಲ್ಲಿ
ಬೆಸುಗೆಯ ಉಬ್ಬು ಉಜ್ಜಿ ನಯಮಾಡುವ ಕೆಲಸ.
ಹುಬ್ಬು ಅಲ್ಲಲ್ಲಿ ಸುಟ್ಟಿತ್ತು,
ಉಗುರ ಸಂದಿಯಲ್ಲಿ ಸೋಪಿಗೂ ಜಗ್ಗದ ಕಪ್ಪು.
ಲಕೋಟೆ ತೆಗೆದು ಎಣಿಸಿದ: ಆರುನೂರ ನಲವತ್ತು ಪೌಂಡು.
"ಇಷ್ಟಕ್ಕೆ ಏನು ಬಂದರೂ ಸರಿ" ಎಂದವನು, ತಡೆದು,
"ಏನು ಬಂದರೂ ಸರಿಯಲ್ಲ" ಎಂದ.

ವಜ್ರದ ತಟ್ಟೆಯನ್ನೇ ಮೊದಲು ತೆರೆದೆ, ಚಟ.
ಆ ದುಡ್ಡಿಗೆ ಬರುವುದು ಸಾಸಿವೆ ಕಾಳು.
ಉಸಿರಿಗೆ ಹಾರೀತೆಂದು ಬಾಯಿಗೆ ಕೈ ಅಡ್ಡ ಹಿಡಿದು
ಬಾಗಿ ನೋಡಿದ.
"ಇದನ್ನು ಅವಳು ಹುಡುಕಬೇಕಾಗುತ್ತದೆ."

"ಆ ಕೈಯಿಂದ ಏನು ಮಾಡುತ್ತಾಳೆ?" ಅಂದೆ.
ಯಾರನ್ನೂ ಕೇಳಿದವಳಲ್ಲ; ಅವತ್ತು ಯಾಕೋ ಬಾಯಿಗೆ ಬಂತು.
"ಹಿಟ್ಟು ನಾದುತ್ತಾಳೆ, ಪಾರ್ಟಿಕ್ಕಿನ ಬೇಕರಿಯಲ್ಲಿ.
ನಾನು ಪಾಳಿ ಮುಗಿಸಿ ಬರುವ ಹೊತ್ತಿಗೆ ಅವಳು ಹೊರಡುತ್ತಾಳೆ.
ರಾತ್ರಿ ಎರಡಕ್ಕೆ, ಮೆಟ್ಟಿಲ ಮೇಲೆ ಸಿಗುತ್ತೇವೆ."

ಹಾಗಾದರೆ ಮುತ್ತು ಬೇಡ, ಬೆವರಿಗೆ ಮಂಕಾಗುತ್ತದೆ.
ಓಪಲ್ಲು ಒಲೆಯೆದುರು ಬಾಯಾರಿ ಬಿರಿದೀತು.
ಪಚ್ಚೆಯೋ, ಹುಟ್ಟುತ್ತಲೇ ಒಳಗೆ ಬಿರುಕು,
ಎಣ್ಣೆ ಕುಡಿಸಿ ಮುಚ್ಚಿಟ್ಟಿರುತ್ತಾರೆ,
ಕೆಲವು ಮದುವೆಗಳ ಹಾಗೆ.
ನನ್ನದನ್ನು ನೆನೆದು ಹೇಳಿದ್ದು. ಅವನು ಕಲ್ಲನ್ನೇ ನೋಡುತ್ತಿದ್ದ.

ಅಜ್ಜಿಯ ಶಾಲಿನ ಪಿನ್ನಿನಲ್ಲಿ ಕೇರ್ನ್‌ಗಾರ್ಮ್ ಇತ್ತಂತೆ,
ಹೊಗೆ ಹಿಡಿದ ಜೇನಿನ ಬಣ್ಣ.
ಅದೂ ಸೊಗಸೇ. ಆದರೆ ಮರಳೂ ಅದೂ ಒಂದೇ ವಂಶ;
ದಾಯಾದಿಗಳು ಗೀರದೆ ಬಿಡುವುದಿಲ್ಲ.
"ನೀಲ ಗಟ್ಟಿ" ಅಂದೆ. ತಲೆಯಾಡಿಸಿದ.
"ಅವಳಿಗೆ ನೀಲಿ ಆಗದು.
ಮಿಂಚ್ ಕಡಲಿನಲ್ಲಿ ಅವಳಪ್ಪನ ದೋಣಿ..."
ತಟ್ಟೆ ಮುಚ್ಚಿದೆ.

ಕೊನೆಗೆ ಕೆಳಗಿನ ಖಾನೆಯಿಂದ ಮೊಯ್ಸನೈಟ್.
ದೀಪ ಸೋಕಿದ್ದೇ ತಡ, ಅವನ ಅಂಗಿಯ ಮೇಲೆ ಬಣ್ಣದ ಚೂರು.
"ವಜ್ರವೇ?"
"ಅಲ್ಲ."
"ನಕಲಿಯೇ?"
"ತನ್ನ ಹೆಸರಿಗೆ ತಾನು ಅಸಲಿ.
ಮೊದಲು ಸಿಕ್ಕಿದ್ದು ಉಲ್ಕೆ ಬಿದ್ದ ಕುಳಿಯಲ್ಲಿ,
ಈಗ ಕುಲುಮೆಯಲ್ಲಿ ಬೆಳೆಸುತ್ತಾರೆ. ಸಿಲಿಕಾನ್ ಕಾರ್ಬೈಡು."

ಮುಂದೆ ಬಂದಿದ್ದ ಕೈ ಹಿಂದೆ ಹೋಯಿತು.
"ಆ ಹೆಸರು ನನ್ನ ಸಾಣೆಚಕ್ರದ ಡಬ್ಬಿಯ ಮೇಲಿದೆ.
ದಿನವಿಡೀ ಉಕ್ಕಿಗೆ ಒತ್ತಿಹಿಡಿಯುವುದು ಅದನ್ನೇ.
ಮಲಗುವ ಮುಂಚೆ ಮೂಗು ಸೀನಿದರೆ ಬರುವುದೂ ಅದೇ."
"ಅದೇ. ಇವಳು ಅದರ ತಂಗಿ.
ಅವಸರವಿಲ್ಲದೆ ಬೆಳೆದಳು, ಅಷ್ಟೆ."

ಭೂತಗನ್ನಡಿ ಕೊಟ್ಟೆ. ಬಹಳ ಹೊತ್ತು ನೋಡಿದ.
"ಗೆರೆಗಳೆಲ್ಲ ಎರಡೆರಡು ಕಾಣುತ್ತವಲ್ಲ."
"ಅದೇ ಗುರುತು. ಒಳಹೊಕ್ಕ ಬೆಳಕು
ಎರಡಾಗಿ ನಡೆಯುತ್ತದೆ."
"ಎರಡು ಪಾಳಿಯಲ್ಲಿ" ಎಂದ,
ನಗಲಿಲ್ಲ.

ಒಂಬತ್ತು ಕ್ಯಾರೆಟ್ಟಿನ ಚಿನ್ನ, ಮುಳ್ಳಿಲ್ಲದ ಕಟ್ಟು,
ಹಿಟ್ಟು ಸಿಕ್ಕಿಕೊಳ್ಳದಂತೆ ಸುತ್ತಲೂ ಅಂಚು.
ಐದುನೂರ ಹತ್ತು. ಮಿಕ್ಕಿದ್ದನ್ನು ಲಕೋಟೆಗೆ ಸೇರಿಸಿ
"ಒಂದು ರಾತ್ರಿ ಇಬ್ಬರೂ ರಜೆ ಹಾಕಬಹುದು" ಅಂದ,
ರಜೆಗೂ ಬೆಲೆಚೀಟಿ ಅಂಟಿದ್ದವನ ಹಾಗೆ.

ಮೂರು ವಾರದ ಮೇಲೆ ಅವಳೇ ಬಂದಳು, ಮಾರ್ಸೈಲಿ.
ಅಂಚಿದ್ದರೂ ಅಡಿಯಲ್ಲಿ ಹಿಟ್ಟು ಕೂತಿತ್ತು,
ಕಡ್ಡಿಯ ತುದಿಯಿಂದ ಕೆದಕಿ ತೆಗೆದೆ.
"ಗಾಜು ಗೀರುತ್ತದಾ ಇದು?" ಅಂದಳು.
"ಚೆನ್ನಾಗಿ ಗೀರುತ್ತದೆ."
"ಗೊತ್ತು. ಬೇಕರಿಯ ಕಿಟಕಿಯಲ್ಲಿ ಗೀರಿ ನೋಡಿದೆ,
ಅವನ ಹೆಸರಿನ ಅರ್ಧ ಬರುವಷ್ಟರಲ್ಲಿ ಯಜಮಾನ ಬಂದ.
ಗಾಜಿಗೆ ಆರುನೂರು ಕೇಳುತ್ತಾನೆ.
ಇದಕ್ಕೆಷ್ಟಾಯಿತು, ಹೇಳಿ?"

ಉಂಗುರವನ್ನು ಇನ್ನೊಮ್ಮೆ ಒರೆಸತೊಡಗಿದೆ.