ಮುದ್ರೆ ಗಿಡ

ಚಳ್ಳಕೆರೆ ತಾಲ್ಲೂಕು ಕಚೇರಿಯ ಹಿಂದೆ
ಚಕ್ರ ಕಳಚಿದ ಸರ್ಕಾರಿ ಜೀಪಿನ ಪಕ್ಕ
ಎದೆಮಟ್ಟ ನಿಂತಿದೆ, ಯಾರೂ ನೆಟ್ಟದ್ದಲ್ಲ.
ಎಲೆ ಮುಟ್ಟಿದರೆ ಎಳೆಗರುವಿನ ಕಿವಿ.
ಹಗಲೆಲ್ಲ ಮೊಗ್ಗು ಬಿಗಿದು ಕಾಯಿ ತೋರಿಸಿಕೊಂಡಿರುತ್ತದೆ,
ದುಂಡಗೆ, ಚಪ್ಪಟೆ, ಸುತ್ತಲೂ ಹಲ್ಲು.

ಶ್ರೀಮುದ್ರೆ ಅನ್ನುತ್ತಾರೆ. ಬರೀ ಮುದ್ರೆ ಗಿಡ ಅಂತಲೂ.
ಯಾಕೆ ಅಂದರೆ ಒಬ್ಬೊಬ್ಬರದು ಒಂದೊಂದು.
ದುರ್ಗದ ಪಾಳೇಗಾರರ ಮೊಹರು ಹೀಗೇ ಇತ್ತಂತೆ,
ಇದು ಟೈಪಿಸ್ಟ್ ಪರಮೇಶಿ;
ಎಲ್ಲಿ ನೋಡಿದೆಯೋ ಅಂದರೆ ಟೀ ತರಲು ಹೋಗುತ್ತಾನೆ.
ತೋಳಿಗೆ ಕಾಸಿ ಒತ್ತುವ ಶಂಖಚಕ್ರದ ಮುದ್ರೆ,
ಇಲ್ಲದಿದ್ದರೆ ಶ್ರೀ ಎಲ್ಲಿಂದ ಬಂತು,
ಇದು ಶಿರಸ್ತೇದಾರ್ ಜಯತೀರ್ಥಾಚಾರ್.
ನಾನು ಕೇಳಿಸಿಕೊಂಡು ಸೀಲು ಒತ್ತುತ್ತಿದ್ದೆ.
ಹದಿನೇಳು ವರ್ಷದಿಂದ ನನ್ನ ಕೆಲಸ ಅದೇ.

ಗಾದ್ರಮ್ಮ ಬಂದದ್ದು ಹೆಸರು ತಿದ್ದಿಸಲು.
ಪಹಣಿಯಲ್ಲಿ, ಪಿಂಚಣಿಯಲ್ಲಿ, ರೇಷನ್ ಕಾರ್ಡಿನಲ್ಲಿ
ಯಾವುದೋ ಮರ್ಯಾದಸ್ಥ ಕೈ ಅವಳನ್ನು
ಗೌರಮ್ಮ ಮಾಡಿಬಿಟ್ಟಿತ್ತು.
ಚೆನ್ನಾಗೇ ಇದೆಯಲ್ಲಮ್ಮ, ಅಂದೆ.
ಚೆನ್ನಾಗೈತೆ ಸಾಮಿ, ಕರುದ್ರೆ ನಾನು ತಿರುಗಲ್ಲ.

ಅಫಿಡವಿಟ್ಟು, ಇಬ್ಬರು ಸಾಕ್ಷಿ, ಛಾಪಾ ಕಾಗದ.
ನಾಲ್ಕನೇ ಸಲ ಬಂದಾಗ ಸಾಹೇಬರಿಗೆ ಮೀಟಿಂಗು.
ಜೀಪಿನ ನೆರಳಲ್ಲಿ ಕೂತಿದ್ದಳು.
ಹೆಬ್ಬೆಟ್ಟು ಬಾಕಿ ಇತ್ತು; ಇಂಕ್ ಪ್ಯಾಡು ನಾನೇ ಒಯ್ದೆ.
ಕೈಯಲ್ಲಿ ಆ ಕಾಯಿ, ತಿರುಗಿಸುತ್ತಾ.

ನಮ್ಮವ್ವ ಬೆಣ್ಣೆ ಮುದ್ದೆ ಮ್ಯಾಲೆ ಇದನ್ನ ಒತ್ತಿ
ಸಂತೆಗೆ ಕಳ್ಸೋಳು ಸಾಮಿ,
ಬುಟ್ಟಿ ಹೊತ್ತೋಳು ನಾನು.
ದಾರೀಲಿ ಬೆಳ್ಳಿಟ್ಟು ನೆಕ್ಕಿದ್ರೆ ಗೊತ್ತಾಗ್ಲಿ ಅಂತ.

ನೆಕ್ತಿದ್ದೆಯಾ?

ಸೊಂಟದಾಗೆ ಇನ್ನೊಂದು ಕಾಯಿ ಇಕ್ಕಂಡಿರ್ತಿದ್ದೆ.

ಎಡಗೈ ಹೆಬ್ಬೆಟ್ಟು ಒತ್ತಿದಳು. ಸವೆದ ಬೆರಳು,
ಗೆರೆಯೇ ಮೂಡಲಿಲ್ಲ, ಬರೀ ನೀಲಿ ಮಚ್ಚೆ.
ನನ್ನ ಮುಖ ನೋಡಿದಳು,
ಕಾಯಿಯನ್ನು ಪ್ಯಾಡಿಗೆ ಅದ್ದಿ ಪಕ್ಕದಲ್ಲೇ ಊರಿದಳು.
ಹದಿನೆಂಟೋ ಇಪ್ಪತ್ತೋ ಅರೆಯ ಚಕ್ರ,
ನಮ್ಮ ಗುಂಡು ಸೀಲಿಗಿಂತ ಸ್ಪಷ್ಟ.
ಹೊಸ ಹಾಳೆ ತರಬೇಕಿತ್ತು. ತರಲಿಲ್ಲ.
ಅರ್ಜಿ ಹಾಗೇ ಕಡತಕ್ಕೆ ಸೇರಿತು,
ಪುಟ ನಲವತ್ತೊಂದು.

ಐದೂವರೆಗೆ ಬೀಗ ಹಾಕಿ ಹಿಂದೆ ಬಂದೆ.
ಮೊಗ್ಗು ಬಿಚ್ಚಿದ್ದವು. ಹಳದಿ,
ಈಗತಾನೆ ಒಡೆದ ನಾಟಿ ಮೊಟ್ಟೆಯ ಒಳಗು.
ಹದಿನೇಳು ವರ್ಷ ಇಲ್ಲೇ ಇದ್ದೂ
ಮುದ್ರೆ ಅಂದರೆ ನನಗೆ ಕಾಯಿ ಮಾತ್ರ.
ಹೂವನ್ನು ಏನಂತ ಕರೆಯುತ್ತಾರೋ.

ಜೀಪಿನ ಬಾನೆಟ್ಟಿನ ಮೇಲೆ ರಸೀದಿ ಬಿಟ್ಟು ಹೋಗಿದ್ದಳು.
ಗೇಟಿನಾಚೆ, ಪಾವಗಡದ ಬಸ್ಸಿನ ಧೂಳಲ್ಲಿ,
ಅವಳ ಬೆನ್ನು.
ಗಾದ್ರಮ್ಮಾ, ಎಂದು ಕೂಗಿದೆ.

ತಿರುಗಿದಳು.