ಸನ್ನೆಗೋಲು

ಕಯಾನಿಯ ಅಂಗಡಿಯಲ್ಲಿ ಮೂರು ಪ್ರೆಸ್ಸು ಸಾಲಾಗಿ ಕೂತಿದ್ದವು
ಹಲ್ಲಿನ ಡಾಕ್ಟರಿಗೆ ಕಾದವರ ಹಾಗೆ.
ಒಂದು ಕೆಂಪು. ಒಂದು ಹಸಿರು.
ಮೂರನೆಯದಕ್ಕೆ ತಿರುಗುವ ತಲೆ, ತಲೆಯ ತುಂಬ ಬಾಯಿ.

"ಇದಾದರೆ ಗಂಟೆಗೆ ಐನೂರು ತೋಟಾ ಕಟ್ಟುತ್ತೆ" ಅಂದ ಹುಡುಗ.
ಐನೂರು!
ನನ್ನದು ವರ್ಷಕ್ಕೆ ನಲವತ್ತು ಈಡು, ಹೆಚ್ಚೆಂದರೆ.
ಮೂವತ್ತೆಂಟು ಕಾಗದಕ್ಕೆ, ಒಂದು ಮೂಸಿಗೆ,
ಉಳಿದೊಂದು ಎಲ್ಲಿ ಹೋಯಿತೆಂದು
ಆ ಭೂರ್ಜ ಮರವನ್ನೇ ಕೇಳಬೇಕು.
"ಐನೂರು ಕಟ್ಟಿಕೊಂಡು ಯಾರ ಮೇಲೆ ದಂಡೆತ್ತಿ ಹೋಗಲಪ್ಪ?"
ಅವನು ನಗಲಿಲ್ಲ.
ನಮ್ಮ ಕಡೆ ಆ ಮಾತಿಗೆ ಯಾರೂ ನಗುವುದಿಲ್ಲ;
ಗಡಿ ಹತ್ತಿರ.

ಬೇಟೆ ಗುಂಪಿನ ತೈಸ್ತೊ ವಾರಕ್ಕೆ ಎರಡು ಮಾತಿನ ಮನುಷ್ಯ.
ಆ ವಾರದ ಎರಡನ್ನೂ ನನಗೇ ಖರ್ಚು ಮಾಡಿದ್ದ:
"ಸುತ್ತಲೂ ಮುಚ್ಚಿದ ಚೌಕಟ್ಟಿನದು ತಗೋ.
ಬಾಯಿ ತೆರೆದದ್ದು ಭಾರಕ್ಕೆ ಬಾಯಿ ಬಿಡುತ್ತೆ."
ಅದು ಕಬ್ಬಿಣದ ಬಗ್ಗೆಯೋ ನನ್ನ ಬಗ್ಗೆಯೋ
ದಾರಿಯುದ್ದಕ್ಕೂ ಯೋಚಿಸಿದೆ.

ಸೊತ್ಕಮೊದಲ್ಲಿ ಹಳೆಯದೊಂದು ಅರ್ಧ ಬೆಲೆಗಿತ್ತು, ಸತ್ತವನದು.
ಹಿಡಿಯ ಮರದಲ್ಲಿ ಅವನ ಹೆಬ್ಬೆರಳ ಗುಳಿ.
ನನ್ನದನ್ನಿಟ್ಟು ನೋಡಿದೆ: ದೊಡ್ಡದಾಯಿತು,
ಕತ್ತಲಲ್ಲಿ ಬೇರೆಯವರ ಚಪ್ಪಲಿ ಮೆಟ್ಟಿದ ಹಾಗೆ.
ಬಿಟ್ಟು ಬಂದೆ.

"ಹಿಡಿ ಎಡಕ್ಕೆ ಬರುತ್ತಾ?"
ಹುಡುಗ ಡಬ್ಬಿ ತಿರುಗಿಸಿ ತಿರುಗಿಸಿ ಓದಿದ.
ಯಾರೂ ಕೇಳಿರಲಿಲ್ಲವಂತೆ.
ಮೂವತ್ತೊಂದು ಚಳಿಗಾಲ ಅಂಚೆ ಗಾಡಿಯ ಕಿಟಕಿಯಿಂದ
ಪೆಟ್ಟಿಗೆ ಪೆಟ್ಟಿಗೆಗೂ ಚಾಚಿದ ಬಲಭುಜವಿದು,
ಈಗ ಉಪ್ಪಿನ ಡಬ್ಬಿ ಇಳಿಸಲೂ ಸತಾಯಿಸುತ್ತದೆ.
ಎಡಗೈಗೆ ಇನ್ನೂ ಎಲ್ಲ ಹೊಸದು.

ಕೆಂಪಿನದನ್ನು ಎಳೆದೆ: ಜಾರಿತು,
ಸುಳ್ಳುಗಾರನ ಮಾತಿನ ಹಾಗೆ, ತೊದಲದೆ.
ಹಸಿರಿನದನ್ನು ಎಳೆದೆ:
ಕೊನೆಯ ಗೇಣಿನಲ್ಲಿ ಒಂದು ಬಿಗಿ, ಒಂದು ಯೋಚನೆ,
ಆಮೇಲೆ ಒಪ್ಪಿಗೆ.
ಅಜ್ಜಿಯ ಅಂಗಳದ ಕೈಪಂಪು ಹೀಗೇ,
ನೀರು ಬರುವ ಮುಂಚೆ ಅರೆಕ್ಷಣ ಕೈಯನ್ನೇ ಕೇಳುತ್ತಿತ್ತು.
ಸನ್ನೆ ಸಾಕು, ಕೂಗಬೇಕಿಲ್ಲ.
ಒಂದು ಎಳೆತಕ್ಕೆ ಒಂದೇ ಕೆಲಸ. ಹಸಿರೇ ಇರಲಿ ಅಂದೆ.
ಒಂಬತ್ತು ಕಿಲೋ. ಎದೆಗವಚಿ ಒಯ್ದೆ.

ಅಡುಗೆಮನೆ ಮೇಜಿಗೆ ಬೋಲ್ಟು ಬಿಗಿದು,
ಖಾಲಿ ಹಿತ್ತಾಳೆ ಒಂದನ್ನಿಟ್ಟು
ಎಳೆದರೆ
ಎದ್ದದ್ದು ಮೇಜು.
ಹಿಂಗಾಲ ಮೇಲೆ ನಿಂತಿತು, ಕರಡಿ ಕಂಡ ಕುದುರೆ.
ಕಾಫಿ, ಕನ್ನಡಕ, ಉಳಿದ ಮೂವತ್ತೊಂಬತ್ತು
ಒಟ್ಟಿಗೆ ನೆಲಕ್ಕೆ.
ನಾಯಿ ತಾನೇ ಬಾಗಿಲು ನೂಕಿಕೊಂಡು ಹೊರಗೆ ಹೋಯಿತು.

ಒಂದು ತಿಂಗಳು ಪ್ರೆಸ್ಸು ಆರಿಸಿದೆ.
ಅದು ಯಾವುದರ ಮೇಲೆ ಕೂರಬೇಕೆಂದು
ಒಂದು ಗಳಿಗೆ ಯೋಚಿಸಿರಲಿಲ್ಲ.
ಮೇಜು, ಯೊರ್ಮ ಬಿಟ್ಟುಹೋದದ್ದು.
ಅವನನ್ನೂ ಹೀಗೇ ಆರಿಸಿದ್ದೆ,
ಕಾಲು ಅಲುಗಿಸಿ ನೋಡದೆ.

ಈಗ ಕಟ್ಟಿಗೆಮನೆಯಲ್ಲಿ
ಗೋಡೆಯ ದಿಮ್ಮಿಗೇ ಬಿಗಿದ ಪೈನಿನ ಹಲಗೆ, ನಾಲ್ಕು ಬೆರಳು ದಪ್ಪ.
ಅದು ಅಲುಗಬೇಕಾದರೆ ಗೋಡೆ ಅಲುಗಬೇಕು.
ಮೊದಲು ನಲವತ್ತಕ್ಕೂ ಹಳೆ ಕೇಪು ಉದುರಿಸುವುದು, ಟಪ್, ಟಪ್.
ಅಚ್ಚು ಬದಲಿಸಿ ಮತ್ತೆ ಒಂದರಿಂದ.
ಪ್ರತಿಯೊಂದೂ ಮತ್ತೆ ಮತ್ತೆ ನನ್ನ ಬೆರಳಿಗೆ ಬರುತ್ತದೆ,
ಪತ್ರ ವಿಂಗಡಿಸುವಾಗ ಬರುತ್ತಿದ್ದ ಹೆಸರುಗಳಂತೆ,
ಇವರ ಮಗಳು ಬರೆದಿದ್ದಾಳೆ, ಇವರಿಗೆ ಬರೀ ಬಿಲ್ಲು.

ತೈಸ್ತೊ ಫೋನು ಮಾಡಿದ. "ಹೇಗಿದೆ?"
"ಒಂದು ಸಲಕ್ಕೆ ಒಂದು" ಅಂದೆ.
ಬಹಳ ಹೊತ್ತು ಸುಮ್ಮನಿದ್ದ.
ಆಮೇಲೆ, ಮುಂದಿನ ವಾರದ್ದರಲ್ಲಿ ಒಂದನ್ನು ಕಡ ತಂದು,
"ಹ್ಞೂಂ" ಅಂದ.

ಹದಿನೇಳನೆಯದರ ಕತ್ತಿನಲ್ಲಿ ಕೂದಲೆಳೆಯ ಬಿರುಕು.
ಗಂಟೆಗೆ ಐನೂರಾಗಿದ್ದರೆ ಕಾಣುತ್ತಿರಲಿಲ್ಲ.
ಎಸೆಯಲಿಲ್ಲ, ಕಿಟಕಿಯಲ್ಲಿಟ್ಟಿದ್ದೇನೆ.
ತುಟಿಗಿಟ್ಟು ಊದಿದರೆ ಸಿಳ್ಳೆ ಹಾಕುತ್ತದೆ,
ಸ್ವಲ್ಪ ಅಪಸ್ವರ.
ನಾಯಿ ಬರುತ್ತದೆ.