ಒಳಹೊಲಿಗೆ

ರದ್ದಿಯವನು ಕೊಡುತ್ತಿದ್ದದ್ದು ಕಿಲೋಗೆ ಹನ್ನೊಂದು ರೂಪಾಯಿ,
ಅವಳು ಹದಿನೈದು ಕೊಟ್ಟಳಂತೆ.
ಲೈಬ್ರರಿಯಲ್ಲಿ ‘ರದ್ದು’ ಸೀಲು ಬಿದ್ದ ನಾಲ್ಕು ಚೀಲ ಪುಸ್ತಕ
ಆಟೋದಲ್ಲಿ ಕೂತು
ತುಂಗೆಯ ದಂಡೆಯ ಹಳೇ ಗೋಡೌನಿಗೆ ಹೋದವು.

ನನಗೆ ಗೊತ್ತಾಗಿದ್ದು ಆಮೇಲೆ, ಜೆರಾಕ್ಸ್ ಅಂಗಡಿಯವನಿಂದ:
“ಹನುಮೋಜಿ, ನೀನು ಹೊಲಿದ ಬುಕ್ಕುಗಳನ್ನ ಯಾವುದೋ ಹುಡುಗಿ
ಬ್ಲೇಡು ಹಾಕಿ ಕೊರೀತಿದಾಳೆ.
ಅದಕ್ಕೆ ಎಕ್ಸಿಬಿಷನ್ ಬೇರೆ. ಟೀ ಕೊಡ್ತಾರಂತೆ.”

ಕೋಟೆ ರಸ್ತೆಯಲ್ಲಿ ಮೂವತ್ತೆರಡು ವರ್ಷ
ಮೈದಾ ಅಂಟು ಕಾಯಿಸಿದವನು ನಾನು.
ಚಿಟಿಕೆ ಮೈಲುತುತ್ತು ಹಾಕದಿದ್ದರೆ ಅಂಟಿಗೆ ಜಿರಳೆ ಬರುತ್ತದೆ,
ಆಷಾಢದಲ್ಲಿ ರಟ್ಟು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ,
ಅದೆಲ್ಲ ಗೊತ್ತು.
ಒಳಗೆ ಏನು ಬರೆದಿದೆ ಅಂತ ಮಾತ್ರ ಕೇಳಬೇಡಿ.
ನಾನು ನೋಡುತ್ತಿದ್ದದ್ದು ಪುಟದ ಸಂಖ್ಯೆ:
ಹದಿನಾರಾದ ಮೇಲೆ ಹದಿನೇಳು,
ಮೂವತ್ತೆರಡಾದ ಮೇಲೆ ಮೂವತ್ತಮೂರು.
ನಡುವೆ ಯಾರು ಸತ್ತರು, ಯಾರ ಮದುವೆ ಮುರಿಯಿತು
ಫಾರಮ್ಮಿನ ಲೆಕ್ಕಕ್ಕೆ ಬರುವುದಿಲ್ಲ.

ಸಿಟ್ಟಿನಲ್ಲೇ ಹೊರಟೆ. ಇಸ್ತ್ರಿ ಅಂಗಿ ಹಾಕಿಕೊಂಡೆ;
ಬೈಯುವಾಗ ಅಂಗಿ ಚೆನ್ನಾಗಿರಬೇಕು.

ಒಳಗೆ ಹೊಸ ಸುಣ್ಣದ ಗೋಡೆ.
ಜಂತಿಯಿಂದ ಗಾಳದ ದಾರದಲ್ಲಿ ಇಳಿಬಿಟ್ಟ ಪುಸ್ತಕಗಳು,
ಯಾರೋ ತೂಕಕ್ಕೆ ಹಾಕಿ ಮರೆತು ಹೋದ ಹಾಗೆ.
ಒಂದನ್ನು ಪೂರ್ತಿ ಅರೆದು ಮತ್ತೆ ಹಾಳೆ ಮಾಡಿದ್ದಳು:
ಬೂದು ಹಾಳೆ, ಅಲ್ಲೊಂದು ‘ಕ’, ಇಲ್ಲೊಂದು ಕೊಂಬು,
ತಿಳಿಸಾರಿನಲ್ಲಿ ಉಳಿದ ಕೊತ್ತಂಬರಿ.
ಇನ್ನೊಂದರ ಪಕ್ಕ ಬಿದಿರಿನ ಗೆಣ್ಣೊಂದನ್ನು ಮಲಗಿಸಿ
ಕೆಳಗೆ ಚೀಟಿ ಅಂಟಿಸಿದ್ದಳು: ‘ತಾಯಿ, ಮಗು’.
ನಗು ಬಂದುಬಿಟ್ಟಿತು.
ಬೈಗುಳದ ಮೊದಲ ಸಾಲೇ ಮರೆತುಹೋಯಿತು.

ಅವಳ ಹೆಸರು ನಿಖತ್. ಭದ್ರಾವತಿ, ಪೇಪರ್ ಟೌನು.
ಅಪ್ಪ ಕಾರ್ಖಾನೆಯಲ್ಲಿ ಬಿದಿರು ಬೇಯಿಸುವ ಕಡೆ ಇದ್ದರಂತೆ.
“ನಮ್ಮನೇಲಿ ಕಾಗದಕ್ಕೆ ಕೊಳೆತ ಮೊಟ್ಟೆ ವಾಸನೆ ಇತ್ತು ಮಾಮ,
ಅಪ್ಪನ ಅಂಗಿ ತುಂಬ.
ಸ್ಕೂಲಲ್ಲಿ ಹೊಸ ಪುಸ್ತಕ ಮೂಸಿದ್ರೆ
ಆ ವಾಸನೆ ಇರ್ತಾನೇ ಇರ್ಲಿಲ್ಲ.
ಎಲ್ಲಿ ಹೋಯ್ತು ಅಂತ ಹುಡುಕ್ತಾ ಇದೀನಿ, ಅಷ್ಟೆ.”

ಹುಡುಕುವುದಕ್ಕೆ ಬ್ಲೇಡು ಯಾಕೆ? ಕೇಳಬೇಕೆಂದಿದ್ದೆ.
ಅಷ್ಟರಲ್ಲಿ ಮೂಲೆಯಲ್ಲಿ ಅದು ಕಂಡಿತು.

ದಪ್ಪ ಕಾದಂಬರಿ. ಹೆಸರಿದ್ದ ರಟ್ಟು ಇಲ್ಲ.
ಮೊದಲ ಪುಟದಿಂದ ಕೊನೆಯವರೆಗೂ
ಕಲ್ಯಾಣಿಯ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕೊರೆದು
ಒಂದೊಂದು ಮೆಟ್ಟಿಲಿನ ಅಂಚಿಗೆ ಒಂದೊಂದು ಪದ ಉಳಿಸಿದ್ದಳು.
ಬೆನ್ನು ಮುಟ್ಟಿರಲಿಲ್ಲ.
ಬೆನ್ನಿನಲ್ಲಿ ಕೆಂಪು ದಾರ, ಕೊನೆಗೆ ಎರಡು ಸುತ್ತಿನ ಗಂಟು.

ಆ ವರ್ಷ ಬಿಲ್ಲು ಪಾಸಾಗದೆ ಬಿಳಿ ದಾರ ಮುಗಿದಿತ್ತು.
ಹೆಂಡತಿಯ ಹೊಲಿಗೆ ಡಬ್ಬಿಯಿಂದ ಎತ್ತಿಕೊಂಡು ಬಂದಿದ್ದೆ;
ಈಗಲೂ ಜಗಳ ಬಂದಾಗ ಆ ಉಂಡೆ ಉರುಳಿ ಬರುತ್ತದೆ.

“ಎಷ್ಟು ಕೊರೆದ್ರೂ ಇದೊಂದು ಉದುರ್ಲಿಲ್ಲ,” ಅಂದಳು ನಿಖತ್,
“ಯಾರು ಹೊಲಿದಿದ್ರೋ.”

ಹೇಳಲಿಲ್ಲ.
ಕನ್ನಡಕ ಹಾಕಿಕೊಂಡು ಬಾಗಿದೆ.
ಪುಟದ ಸಂಖ್ಯೆಗಳೆಲ್ಲ ಅಂಚಿನ ಅಂಟಿನೊಳಗೆ ಮುಚ್ಚಿಹೋಗಿದ್ದವು.
ಹಿಡಿದುಕೊಳ್ಳಲು ಏನೂ ಇರಲಿಲ್ಲ, ಇಳಿದೆ:

ಬಾಗಿಲಲ್ಲಿ
            ಇನ್ನೂ
                    ಅವಳ
                            ಕೈಯ
                                    ಉಪ್ಪು

ಯಾರ ಬಾಗಿಲು? ಸಾಲ ಕೇಳಲು ಬಂದ ಉಪ್ಪೋ,
ಕೊಟ್ಟು ತೀರಿಸಲು ತಂದದ್ದೋ?
ಮತ್ತೆ ಮೇಲೆ ಹತ್ತಿದೆ, ಬಾಗಿಲಿಗೆ. ಮತ್ತೆ ಇಳಿದೆ.
ಕೈಯಲ್ಲಿದ್ದ ಟೀ ಕೆನೆಗಟ್ಟಿತು.
ಹಿಂದೆ ಯಾರೋ ಕೆಮ್ಮಿದರು, ಕಾಲೇಜು ಹುಡುಗರ ಸಾಲು.
“ಅಜ್ಜಾ, ಆಯ್ತಾ?”

ತಡೀರೋ, ಅಂದೆ,
ನಾನಿನ್ನೂ ಉಪ್ಪಿನ ಹತ್ರ ಇದೀನಿ.